ಹಿಂದಿನ ಬೆಂಚಿನಿಂದ ಕಂಡ ಪಾಠ

— ರಿಫ್ರೆಶರ್ ಕೋರ್ಸ್ ಮುಗೀತಂತಲ್ಲ, ಹೇಗಿತ್ತೋ?

— ಮುಗೀತು ಮೇಡಂ. ಸರ್ಟಿಫಿಕೇಟೂ ಮೇಲ್‌ಗೆ ಬಂತು. ಎರಡು ವಾರ ಲ್ಯಾಪ್‌ಟಾಪ್ ಮುಂದೆ ಕೂತು ಸೊಂಟ ಹಿಡ್ಕೊಂಡಿದೆ.

— ಸೊಂಟದ ವಿಚಾರ ಆಮೇಲೆ. ಪಾಠ ಮಾಡೋದಕ್ಕೆ ಏನಾದ್ರೂ ಸಿಕ್ತಾ?

— ನಿಜ ಹೇಳ್ಲಾ? ಒಬ್ಬ ಸಂಪನ್ಮೂಲ ವ್ಯಕ್ತಿ ‘ವಿದ್ಯಾರ್ಥಿ ಕೇಂದ್ರಿತ ಬೋಧನೆ’ ಅಂತ ಒಂದೂವರೆ ಗಂಟೆ ಪಿಪಿಟಿ ಓದಿದ್ರು. ನಾವೆಲ್ಲ ಕ್ಯಾಮೆರಾ ಆಫ್ ಮಾಡ್ಕೊಂಡು ಇಂಟರ್ನಲ್ಸ್ ಪೇಪರ್ ತಿದ್ದುತ್ತಾ ಕೂತಿದ್ವಿ. ಮುಗಿದ ತಕ್ಷಣ ಚಾಟ್‌ನಲ್ಲಿ ಸಾಲಾಗಿ ‘ವೆರಿ ಇನ್‌ಫರ್ಮೇಟಿವ್ ಸೆಷನ್ ಸರ್’ ಅಂತ ಬಂತು. ನಾನೂ ಒಂದು ಹಾಕಿದೆ.

— ಇದು ಆನ್‌ಲೈನ್ ಬಂದ ಮೇಲಿನ ಕಾಯಿಲೆ ಅಂದ್ಕೋಬೇಡ. ಹಾಸ್ಟೆಲ್‌ನಲ್ಲಿ ಉಳ್ಕೊಂಡು ಕೋರ್ಸ್ ಮಾಡ್ತಿದ್ದ ಕಾಲದಲ್ಲೂ ಮಧ್ಯಾಹ್ನದ ಸೆಷನ್ ಹೀಗೇ ಇರ್ತಿತ್ತು. ಆಗ ಕಣ್ಣು ತೆರ್ಕೊಂಡೇ ನಿದ್ದೆ ಮಾಡೋ ವಿದ್ಯೆ ಗೊತ್ತಿರಬೇಕಿತ್ತು, ಅಷ್ಟೇ. ಆದ್ರೆ ಸಂಜೆ ಟೀ ಕುಡೀತಾ ರಾಯಚೂರಿನವರೊಬ್ಬರು, ಪುತ್ತೂರಿನವರೊಬ್ಬರು ‘ನಮ್ಮ ಕ್ಲಾಸಲ್ಲಿ ಹಿಂಗಾಗುತ್ತೆ ಕಣ್ರೀ, ನೀವೇನ್ ಮಾಡ್ತೀರಿ’ ಅಂತ ಬಾಯಿ ಬಿಡ್ತಿದ್ರು. ಕೆಲಸಕ್ಕೆ ಬರ್ತಿದ್ದದ್ದು ಆ ಮಾತು. ಈಗ ಟೀ ಹೋಯ್ತು, ಪಿಪಿಟಿ ಉಳೀತು.

— ಅಷ್ಟಕ್ಕೂ ಇದನ್ನೆಲ್ಲ ಶುರು ಮಾಡಿದ್ದು ಯಾಕೆ ಮೇಡಂ? ಪ್ರಮೋಷನ್‌ಗೆ ಕಲ್ಲು ಅಡ್ಡ ಇಡೋದಕ್ಕಾ?

— ಉದ್ದೇಶ ಚೆನ್ನಾಗೇ ಇತ್ತು. ಒಂದನೇ ಕ್ಲಾಸಿನ ಮಕ್ಕಳಿಗೆ ಅ ಆ ಇ ಈ ಹೇಳ್ಕೊಡೋದಕ್ಕೆ ಡಿ.ಇಡಿ ಬೇಕು. ಹೈಸ್ಕೂಲಿಗೆ ಬಿ.ಇಡಿ ಬೇಕು. ಡಿಗ್ರಿ ಕಾಲೇಜಿಗೆ? ಎಂ.ಎ. ಮಾಡಿ ನೆಟ್ಟೋ ಕೆ-ಸೆಟ್ಟೋ ಪಾಸಾದ್ರೆ ಮುಗೀತು. ನೆಟ್‌ನ ಮೊದಲ ಪೇಪರ್‌ನಲ್ಲಿ ಬೋಧನೆ ಬಗ್ಗೆ ಪ್ರಶ್ನೆ ಬರುತ್ತೆ, ನಿಜ. ನಾಲ್ಕರಲ್ಲಿ ಒಂದಕ್ಕೆ ಟಿಕ್ ಹಾಕೋದು. ಆಮೇಲೆ ಸೀಮೆಸುಣ್ಣ ಕೈಗೆ ಕೊಟ್ಟು ಒಳಗೆ ತಳ್ಳಿಬಿಡ್ತಾರೆ. 1986ರ ಶಿಕ್ಷಣ ನೀತಿ ಈ ಕೊರತೆಯನ್ನ ಗಮನಿಸಿತು. ಮಾರನೇ ವರ್ಷದಿಂದ ಯುಜಿಸಿ ವಿಶ್ವವಿದ್ಯಾಲಯಗಳಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜು ತೆರೀತಾ ಬಂತು. ನಮ್ಮ ಮೈಸೂರಿಗೂ ಬಂತು. 2015ರ ಹೊತ್ತಿಗೆ ಬೋರ್ಡು ಬದಲಾಗಿ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರ ಆಯ್ತು. 2023ರ ಶಿಕ್ಷಕರ ದಿನಾಚರಣೆಗೆ ಇನ್ನೊಂದು ಬೋರ್ಡು: ಮಾಳವೀಯ ಮಿಷನ್. ದೇಶದಲ್ಲಿ 111 ಕೇಂದ್ರ, ಗುರಿ 15 ಲಕ್ಷ ಅಧ್ಯಾಪಕರು.

— ರಿಫ್ರೆಶರ್‌ಗೂ ಮುಂಚೆ ಆ ಮಿಷನ್ನಿನ ಎನ್‌ಇಪಿ ಓರಿಯೆಂಟೇಶನ್ ಮಾಡಿದ್ದೆ.

— ಅದರಲ್ಲಿ ಎಂಟು ವಿಷಯ ಇತ್ತಲ್ಲ, ಹೇಳು ನೋಡೋಣ.

— ಇಂಟರ್‌ವ್ಯೂ ಥರ ಕೇಳ್ತಿದ್ದೀರಿ. ಬಹುಶಿಸ್ತೀಯ ಶಿಕ್ಷಣ, ಭಾರತೀಯ ಜ್ಞಾನ ಪರಂಪರೆ, ನಾಯಕತ್ವ ಮತ್ತು ಆಡಳಿತ, ಉನ್ನತ ಶಿಕ್ಷಣ ಮತ್ತು ಸಮಾಜ, ಸಂಶೋಧನೆ, ಕೌಶಲ ಅಭಿವೃದ್ಧಿ, ವಿದ್ಯಾರ್ಥಿ ವೈವಿಧ್ಯ, ಐಸಿಟಿ. ಎಂಟಾಯ್ತಾ?

— ಆಯ್ತು. ಇದರಲ್ಲಿ ‘ನಾಳೆ ಬೆಳಿಗ್ಗೆ ಫಸ್ಟ್ ಸೆಮ್‌ಗೆ ಬೇಡಿಕೆಯ ನಿಯಮ ಮಾಡ್ಬೇಕು, ಹೇಗೆ ಮಾಡ್ಲಿ’ ಅನ್ನೋನಿಗೆ ಜಾಗ ಎಲ್ಲಿದೆ?

— ಐಸಿಟಿಯಲ್ಲಿ ಒಂಚೂರು. ಗೂಗಲ್ ಫಾರ್ಮ್ ಮಾಡೋದು ತೋರಿಸಿದ್ರು.

— ಮಿಷನ್ ದಂಡ ಅಂತ ನಾನು ಹೇಳ್ತಿಲ್ಲ. ಆ ಎಂಟೂ ಅಧ್ಯಾಪಕನಿಗೆ ಗೊತ್ತಿರಬೇಕಾದ್ದೇ. ಆದ್ರೆ ಕ್ಲಾಸ್ ರೂಮನ್ನೇ ನೇರವಾಗಿ ಹಿಡಿದು ಕೂತ ಒಂದು ತಲೆಬರಹ ಇಲ್ಲ. ಇನ್ನು ಪ್ರಮೋಷನ್ ವಿಷಯ ತೆಗೆದೆಯಲ್ಲ, ಯುಜಿಸಿಯ 2018ರ ನಿಯಮದಲ್ಲಿ ನಿನ್ನ ಬೋಧನೆಗೆ ಗ್ರೇಡ್ ಕೊಡೋದು ಹೇಗೆ ಗೊತ್ತಾ?

— ಫಾರ್ಮ್ ತುಂಬಿದೀನಿ, ಗೊತ್ತಿಲ್ದೆ ಏನು. ವಹಿಸಿಕೊಟ್ಟ ಕ್ಲಾಸುಗಳಲ್ಲಿ ನೂರಕ್ಕೆ 80 ತಗೊಂಡಿದ್ರೆ ‘ಉತ್ತಮ’. 70ರ ಮೇಲಿದ್ರೆ ‘ತೃಪ್ತಿಕರ’. ಅದಕ್ಕೂ ಕೆಳಗೆ ಬಂದ್ರೆ ‘ತೃಪ್ತಿಕರವಲ್ಲ’.

— ಹುಡುಗರ ಹಾಜರಿಗೆ 75, ನಮ್ಮದಕ್ಕೆ 80. ಐದು ಪರ್ಸೆಂಟ್ ಜಾಸ್ತಿ ಇರೋದಕ್ಕೆ ನಾವು ಗುರುಗಳು! ಕ್ಲಾಸಿನ ಕಡೆ ತಲೆನೂ ಹಾಕದವರು ಇದ್ರಪ್ಪ, ಅವರನ್ನ ಕಟ್ಟಿಹಾಕೋಕೆ ಈ ಲೆಕ್ಕ ಬೇಕಿತ್ತು. ಆದ್ರೆ ಒಳಗೆ ಹೋದ ಮೇಲೆ ಏನಾಯ್ತು ಅನ್ನೋದನ್ನ ಈ ಲೆಕ್ಕ ಕೇಳೋದೇ ಇಲ್ಲ.

— ಕೇಳ್ತಾರೆ ಮೇಡಂ, ಫೀಡ್‌ಬ್ಯಾಕ್ ಫಾರ್ಮ್ ಇದೆಯಲ್ಲ. ನನಗೆ ಹೋದ ಸೆಮಿಸ್ಟರ್ ಐದಕ್ಕೆ 4.6.

— ಯಾವಾಗ ತುಂಬಿಸಿದ್ರು?

— ಹಾಲ್ ಟಿಕೆಟ್ ಕೊಡೋ ದಿನ, ಕ್ಯೂನಲ್ಲಿ ನಿಲ್ಲಿಸಿ.

— ಹಾಲ್ ಟಿಕೆಟ್ ಬೇಕಿರೋ ಹುಡುಗ ನಿನಗೆ 2 ಕೊಡ್ತಾನಾ! ತಮಾಷೆ ಬಿಡು, ಫಾರ್ಮ್ ಪ್ರಾಮಾಣಿಕವಾಗೇ ತುಂಬಿದ್ರೂ ಅದರಲ್ಲೊಂದು ತೊಡಕಿದೆ. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರದ ಹುಡುಗರನ್ನ ಎರಡು ಗುಂಪು ಮಾಡಿದ್ರು. ಒಂದು ಗುಂಪಿಗೆ ಸೊಗಸಾದ ಲೆಕ್ಚರ್. ಇನ್ನೊಂದಕ್ಕೆ ಅದೇ ವಿಷಯ, ಆದ್ರೆ ಮೊದಲು ತಾವೇ ಸಮಸ್ಯೆ ಬಿಡಿಸಿ ತಿಣುಕಾಡಬೇಕು, ಆಮೇಲೆ ಮೇಷ್ಟ್ರು ತಿದ್ದೋದು. ತಿಣುಕಾಡಿದವರು ಪರೀಕ್ಷೆಯಲ್ಲಿ ಹೆಚ್ಚು ತೆಗೆದ್ರು. ‘ಎಷ್ಟು ಕಲಿತ್ರಿ’ ಅಂತ ಕೇಳಿದಾಗ ಮಾತ್ರ ಲೆಕ್ಚರ್ ಕೇಳಿದವರೇ ‘ನಾವು ತುಂಬಾ ಕಲಿತ್ವಿ’ ಅಂದ್ರು. 2019ರಲ್ಲಿ ಪ್ರಕಟವಾದ ಅಧ್ಯಯನ. ಈಗ ಹೇಳು, ನಿನ್ನ 4.6 ಯಾವುದಕ್ಕೆ ಸಿಕ್ಕಿದ್ದು?

— ನನ್ನ ನೋಟ್ಸ್‌ಗೆ ಇರ್ಬೇಕು. ಡಿಕ್ಟೇಟ್ ಮಾಡ್ತೀನಿ, ಪರೀಕ್ಷೆಗೆ ಅದೇ ಬರುತ್ತೆ, ಅವರಿಗೂ ಖುಷಿ ನನಗೂ ಖುಷಿ.

— ಸೇರಿದ ಹೊಸದರಲ್ಲಿ ಹೀಗಿರಲಿಲ್ಲ ನೀನು. ಗುಂಪು ಚರ್ಚೆ ಮಾಡಿಸ್ತೀನಿ, ಸಂತೆಗೆ ಕರ್ಕೊಂಡು ಹೋಗಿ ಬೆಲೆ ಬರೆಸ್ತೀನಿ ಅಂತೆಲ್ಲ ಫೋನಲ್ಲಿ ಹೇಳ್ತಿದ್ದೆ.

— ಸ್ಟಾಫ್ ರೂಮಲ್ಲಿ ನಕ್ಕರು ಮೇಡಂ. ‘ಹೊಸ ಅಗಸ ಎತ್ತೆತ್ತಿ ಒಗೆದ’ ಅಂದ್ರು.

— ಇದು ನಿನ್ನೊಬ್ಬನ ಕಥೆ ಅಲ್ಲ. ಗ್ರಹಾಂ ಗಿಬ್ಸ್, ಮಾರ್ಟಿನ್ ಕಾಫಿ ಅಂತ ಇಬ್ಬರು ಇಂಗ್ಲೆಂಡಿನವರು ಎಂಟು ದೇಶದ ವಿಶ್ವವಿದ್ಯಾಲಯಗಳಲ್ಲಿ ಹೊಸ ಅಧ್ಯಾಪಕರನ್ನ ಒಂದು ವರ್ಷ ಗಮನಿಸಿ 2004ರಲ್ಲಿ ಬರೆದ್ರು. ದೀರ್ಘ ತರಬೇತಿ ಸಿಕ್ಕವರು ನಿಧಾನವಾಗಿ ವಿದ್ಯಾರ್ಥಿ ಏನು ಕಲೀತಾನೆ ಅನ್ನೋ ಕಡೆ ತಿರುಗಿದ್ರು. ಇದರಲ್ಲಿ ಆಶ್ಚರ್ಯ ಏನಿಲ್ಲ. ಏನೂ ಸಿಗದವರು ಇದ್ದಲ್ಲೇ ಇರಲಿಲ್ಲ ಕಣೋ, ಹಿಂದಕ್ಕೆ ಹೋದ್ರು. ಬಂದಾಗ ಇದ್ದದ್ದಕ್ಕಿಂತ ಹೆಚ್ಚಾಗಿ ‘ನಾನು ಸಿಲೆಬಸ್ ಮುಗಿಸಿದೆನಾ’ ಅನ್ನೋದರ ಸುತ್ತಲೇ ಗಿರಕಿ ಹೊಡೀತಿದ್ರು. ಸುಮ್ಮನೆ ಬಿಟ್ಟರೆ ಅನುಭವದಿಂದ ಕಲ್ತುಕೋತಾನೆ ಅಂತ ನಮ್ಮ ಕಾಲೇಜುಗಳು ಇಟ್ಕೊಂಡಿರೋ ನಂಬಿಕೆಗೆ ಬಿದ್ದ ಏಟು ಅದು.

— ಮೇಡಂ, ಹಾರ್ವರ್ಡು, ಇಂಗ್ಲೆಂಡು ಎಲ್ಲ ಸರಿ. ನನ್ನ ಕ್ಲಾಸಲ್ಲಿ 90 ಜನ. ಬೆಂಚಿಗೆ ನಾಲ್ಕು ಜನ, ಕೆಲವು ಸಲ ಐದು. ಫ್ಯಾನ್ ಒಂದು ತಿರುಗುತ್ತೆ, ಇನ್ನೊಂದು ಸದ್ದು ಮಾತ್ರ ಮಾಡುತ್ತೆ. ನಮ್ಮ ರಾಜ್ಯಕ್ಕೆ ಎನ್‌ಇಪಿ 2021ರಲ್ಲಿ ಬಂತು, ದೇಶಕ್ಕೇ ನಾವು ಫಸ್ಟು ಅಂದ್ರು, 2024ರಲ್ಲಿ ಹೋಯ್ತು, ಮತ್ತೆ ಮೂರು ವರ್ಷದ ಡಿಗ್ರಿ. ಒಂದು ಸಿಲೆಬಸ್‌ಗೆ ನೋಟ್ಸ್ ಮಾಡಿ ಮುಗಿಸೋ ಹೊತ್ತಿಗೆ ಇನ್ನೊಂದು. ಇದರ ಮಧ್ಯೆ ಸ್ಕಾಲರ್‌ಶಿಪ್ ಅರ್ಜಿ, ಎಲೆಕ್ಷನ್ ಡ್ಯೂಟಿ, ನ್ಯಾಕ್ ಫೈಲು. ಇಂಥಲ್ಲಿ ಹಾರ್ವರ್ಡಿನ ಭೌತಶಾಸ್ತ್ರದ ಮೇಷ್ಟ್ರು ಮಜೂರ್ ಅವರೇ ಬಂದ್ರೂ ಡಿಕ್ಟೇಶನ್ನೇ ಕೊಡೋದು.

— ಮಜೂರ್ ಹೆಸರು ಕೋರ್ಸ್‌ನಲ್ಲಿ ಕೇಳಿದ್ಯಾ?

— ಸ್ಲೈಡ್‌ನಲ್ಲಿ ಫೋಟೋ ಇತ್ತು.

— ಫೋಟೋ ಬೇಡ, ನಾನು ಕಣ್ಣಾರೆ ಕಂಡ ಕ್ಲಾಸ್ ಹೇಳ್ತೀನಿ. ಕೋಲಾರದ ಕಡೆಯ ತಾಲ್ಲೂಕು ಕಾಲೇಜು. ಅಲ್ಲೂ ಅರ್ಥಶಾಸ್ತ್ರವೇ, ಅಲ್ಲೂ ಎಂಬತ್ತಕ್ಕೂ ಮೇಲೆ ಹುಡುಗರು, ಬಹುಪಾಲು ಕನ್ನಡ ಮಾಧ್ಯಮ. ಆ ಮೇಷ್ಟ್ರು ಕೆಟ್ಟವರೇನಲ್ಲ. ದನಿ ಚೆನ್ನಾಗಿತ್ತು, ಬೋರ್ಡ್ ಮೇಲೆ ಬರವಣಿಗೆ ಮುತ್ತಿನ ಹಾಗಿತ್ತು. ಅವರೇ ಕರೆದ್ರು, ‘ಬಂದು ಒಂದು ಸಲ ನೋಡಿ ಮೇಡಂ, ಹುಡುಗರು ಪಾಸಾಗ್ತಾರೆ, ಆದ್ರೆ ಮುಂದಿನ ಸೆಮಿಸ್ಟರ್‌ಗೆ ಎಲ್ಲ ಮರೆತಿರ್ತಾರೆ’ ಅಂತ. ಹೋಗಿ ಹಿಂದಿನ ಬೆಂಚಲ್ಲಿ ಕೂತೆ. ನಮ್ಮ ಬೆನ್ನು ನಮಗೆ ಕಾಣಲ್ಲ ಅಂತಾರಲ್ಲ, ಮೇಷ್ಟ್ರಿಗೆ ಹಿಂದಿನ ಬೆಂಚೂ ಹಾಗೇ. ನನ್ನ ಮುಂದೆ ಇಬ್ಬರು ಹುಡುಗಿಯರು ಸ್ಕೇಲ್ ಇಟ್ಟು ತಲೆಬರಹಕ್ಕೆ ಕೆಂಪು ಇಂಕಲ್ಲಿ ಗೆರೆ ಎಳೀತಿದ್ರು. ಗೆರೆ ನೇರ ಬರಬೇಕು, ಅದೊಂದೇ ಧ್ಯಾನ. ಪಕ್ಕದ ಹುಡುಗ ಏನೂ ಬರೀತಿಲ್ಲ, ಹೋದ ವರ್ಷದ ಇದೇ ನೋಟ್ಸ್ ಜೆರಾಕ್ಸ್ ಮಾಡಿಸ್ಕೊಂಡು ಬಂದಿದ್ದ. ಮೇಷ್ಟ್ರು ಎಲ್ಲಿ ಕೆಮ್ಮುತ್ತಾರೆ ಅನ್ನೋದು ಬಿಟ್ಟು ಉಳಿದದ್ದೆಲ್ಲ ಅದರಲ್ಲಿತ್ತು. ಮೇಷ್ಟ್ರು ನಡುನಡುವೆ ‘ಅರ್ಥ ಆಯ್ತಾ?’ ಅಂತಿದ್ರು. ಇಡೀ ಕ್ಲಾಸು ರಾಗವಾಗಿ ‘ಆಯ್ತು ಸಾರ್’. ಪ್ರಶ್ನೆಗೂ ಉತ್ತರಕ್ಕೂ ನಡುವೆ ಉಸಿರು ತಗೊಳ್ಳೋಷ್ಟು ಸಮಯವೂ ಇರಲಿಲ್ಲ. ಮೇರಿ ಬಡ್ ರೋ ಅನ್ನೋಳು 1970ರ ದಶಕದಲ್ಲಿ ಅಮೆರಿಕದ ಶಾಲೆಗಳಲ್ಲಿ ಇದನ್ನ ಅಳೆದಿದ್ಲು. ಪ್ರಶ್ನೆ ಕೇಳಿದ ಮೇಲೆ ಟೀಚರ್ ಕಾಯೋದು ಸುಮಾರು ಒಂದು ಸೆಕೆಂಡ್. ಮೂರು ಸೆಕೆಂಡ್ ಕಾದ್ರೆ ಉತ್ತರದ ಉದ್ದ, ಗುಣ ಎರಡೂ ಬದಲಾಗುತ್ತೆ ಅಂತ ಕಂಡುಕೊಂಡಳು. ಮೂರು ಸೆಕೆಂಡ್! ಅದಕ್ಕೆ ಬಜೆಟ್ ಬೇಡ, ಸ್ಮಾರ್ಟ್ ಬೋರ್ಡ್ ಬೇಡ.

— ಕ್ಲಾಸಾದ ಮೇಲೆ ಅವರಿಗೆ ಏನಂದ್ರಿ?

— ಹೀಗೆ ಮಾಡಿ ಹಾಗೆ ಮಾಡಿ ಅನ್ನಲಿಲ್ಲ. ಗಂಟೆ ಹಾಕಿ ಬರ್ಕೊಂಡಿದ್ದನ್ನ ಓದಿದೆ. ‘ಹನ್ನೊಂದೂ ಕಾಲಿಗೆ ನೀವು ಬೋರ್ಡ್ ಕಡೆ ತಿರುಗಿದ್ರಿ, ಮೂರನೇ ಬೆಂಚಿನವರು ಹೀಗೆ ಮಾಡ್ತಿದ್ರು.’ ಇಷ್ಟೇ. ಅವರು ಬಹಳ ಹೊತ್ತು ಸುಮ್ಮನಿದ್ದು ‘ಆ ಜೆರಾಕ್ಸ್ ಯಾರದ್ದು’ ಅಂದ್ರು. ಹೆಸರು ಹೇಳಲಿಲ್ಲ, ಹೇಳಬಾರದು. ಆಮೇಲೆ ಇಬ್ಬರೂ ಕೂತು ಒಂದೇ ಒಂದು ಪ್ರಶ್ನೆ ತಯಾರು ಮಾಡಿದ್ವಿ. ಅದಕ್ಕೇ ಒಂದು ಮಧ್ಯಾಹ್ನ ಹೋಯ್ತು ಅನ್ನು. 2023ರ ಜುಲೈನಲ್ಲಿ ಕೋಲಾರದ ಮಾರ್ಕೆಟ್‌ನಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ ಎರಡು ಸಾವಿರ ದಾಟಿತ್ತಲ್ಲ, ಆಮೇಲೆ ದಬಕ್ಕಂತ ಇಳೀತು. ಅದನ್ನೇ ಹಿಡಿದ್ವಿ. ‘ಟೊಮೆಟೊ ಬೆಲೆ ಇಳೀತು, ಜನ ಹೆಚ್ಚು ಕೊಂಡರು. ಬೇಡಿಕೆ ರೇಖೆ ಬಲಕ್ಕೆ ಸರಿಯಿತೋ, ಎಡಕ್ಕೆ ಸರಿಯಿತೋ, ಇದ್ದಲ್ಲೇ ಇತ್ತೋ?’

— ಬಲಕ್ಕೆ ಅಂತ ಕೈ ಎತ್ತಿರ್ತಾರೆ. ನನ್ನ ಹುಡುಗರೂ ಅದನ್ನೇ ಅಂತಾರೆ.

— ಮುಕ್ಕಾಲು ಕ್ಲಾಸು. ‘ಬೇಡಿಕೆಯ ವಿಸ್ತರಣೆಗೂ ಬೇಡಿಕೆಯ ಹೆಚ್ಚಳಕ್ಕೂ ವ್ಯತ್ಯಾಸ ಬರೆಯಿರಿ’ ಅಂತ ಪರೀಕ್ಷೆಯಲ್ಲಿ ಕೇಳಿದ್ರೆ ಐದಕ್ಕೆ ಐದು ತಗೊಳ್ಳೋ ಮಕ್ಕಳೇ ಅವರು! ಮೇಷ್ಟ್ರ ಮುಖ ಚಿಕ್ಕದಾಯ್ತು. ಆದ್ರೆ ಮಾತಾಡಿಕೊಂಡಂತೆ ಅವರು ಸರಿ ತಪ್ಪು ಏನೂ ಹೇಳಲಿಲ್ಲ. ‘ಪಕ್ಕದವರ ಜೊತೆ ಜಗಳ ಆಡಿ, ಎರಡು ನಿಮಿಷ’ ಅಂದ್ರು. ಮಜೂರ್ ತೊಂಬತ್ತರ ದಶಕದಿಂದ ಮಾಡ್ತಾ ಬಂದದ್ದು ಇಷ್ಟನ್ನೇ. ಗದ್ದಲ ಅಂದ್ರೆ ಗದ್ದಲ, ಪಕ್ಕದ ಕ್ಲಾಸಿನ ಮೇಷ್ಟ್ರು ಬಂದು ಇಣುಕಿದ್ರು. ಕೊನೆಗೆ ಮೂಲೆಯ ಹುಡುಗಿಯೊಬ್ಬಳು ಎದ್ದು ನಿಂತಳು. ‘ಸಾರ್, ಬೆಲೆ ಇಳಿದ್ರೆ ನಾವು ಅದೇ ಗೆರೆ ಮೇಲೆ ಕೆಳಕ್ಕೆ ಜಾರ್ತೀವಿ, ಗೆರೆ ಎಲ್ಲಿಗೂ ಹೋಗಲ್ಲ. ಹುಣಸೆಹಣ್ಣು ದುಬಾರಿ ಆಯ್ತು ಅನ್ಕೊಳ್ಳಿ, ಟೊಮೆಟೊ ಬೆಲೆ ಅಷ್ಟೇ ಇದ್ರೂ ನಮ್ಮಮ್ಮ ಸಾರಿಗೆ ಟೊಮೆಟೊನೇ ಜಾಸ್ತಿ ಹಾಕ್ತಾಳೆ. ಆವಾಗ ಗೆರೆನೇ ಸರಿಯುತ್ತೆ.’ ಮತ್ತೆ ಕೈ ಎತ್ತಿಸಿದ್ರು. ಈ ಸಲ ಬಲಕ್ಕೆ ಅಂದವರು ಹತ್ತು ಹನ್ನೆರಡು ಜನ.

— ಹುಣಸೆಹಣ್ಣು! ಪುಸ್ತಕದಲ್ಲಿ ಟೀ, ಕಾಫಿ ಅಂತಿರುತ್ತೆ.

— ನಿನ್ನ ನೋಟ್ಸ್‌ನಲ್ಲೂ ಅದೇ ಇದೆ, ನನಗೆ ಗೊತ್ತು. ನಾನೇ ಡಿಕ್ಟೇಟ್ ಮಾಡಿದ್ದು.

— ಸರಿ, ಒಪ್ಪಿದೆ. ಆದ್ರೆ ಆ ಮೇಷ್ಟ್ರಿಗೆ ಸಿಲೆಬಸ್ ಮುಗೀತಾ?

— ಪ್ರತಿ ಪಾಠದಲ್ಲೂ ಈ ಆಟ ಆಡೋಕಾಗಲ್ಲ. ಯೂನಿಟ್‌ಗೆ ಒಂದೋ ಎರಡೋ ಕಡೆ, ಹುಡುಗರು ಎಲ್ಲಿ ಎಡವುತ್ತಾರೆ ಅಂತ ಗೊತ್ತಿರೋ ಕಡೆ. ಉಳಿದದ್ದನ್ನ ಲೆಕ್ಚರ್ ಕೊಟ್ಟೇ ಮುಗಿಸಿದ್ರು. ಲೆಕ್ಚರ್ ಪಾಪ ಏನು ಅನ್ಯಾಯ ಮಾಡಿದೆ? 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಜೊತೆಯವರು ವಿಜ್ಞಾನ, ಗಣಿತ, ಎಂಜಿನಿಯರಿಂಗ್ ಕ್ಲಾಸುಗಳ ಬಗೆಗಿನ 225 ಅಧ್ಯಯನ ಒಟ್ಟುಹಾಕಿ ನೋಡಿದ್ರು. ಬರೀ ಲೆಕ್ಚರ್ ಇರೋ ಕಡೆ ಫೇಲಾದವರು ನೂರಕ್ಕೆ ಸುಮಾರು 34, ಹುಡುಗರ ಕೈಲೂ ಏನಾದ್ರೂ ಮಾಡಿಸೋ ಕಡೆ ಸುಮಾರು 22. ಅಲ್ಲಿ ‘ಮಾಡಿಸೋದು’ ಅನ್ನೋದರಲ್ಲಿ ಇಂಥ ಎರಡು ನಿಮಿಷದ ಜಗಳವೂ ಸೇರಿತ್ತು. ಇಡೀ ಸೆಮಿಸ್ಟರ್ ತಲೆಕೆಳಗು ಮಾಡಬೇಕಿಲ್ಲ.

— ಹಾಗಾದ್ರೆ ಈ ಹಿಂದಿನ ಬೆಂಚಲ್ಲಿ ಕೂರೋ ಕೆಲಸವನ್ನೇ ಕಡ್ಡಾಯ ಮಾಡಿಬಿಡಲಿ. ಪ್ರಿನ್ಸಿಪಾಲ್ ತಿಂಗಳಿಗೊಂದು ಸಲ ಕೂತ್ರಾಯ್ತು.

— ಅಲ್ಲೇ ಎಡವಟ್ಟು. ಪ್ರಿನ್ಸಿಪಾಲ್ ಬಂದು ಕೂತ ತಕ್ಷಣ ಅದು ಇನ್‌ಸ್ಪೆಕ್ಷನ್. ನೀನು ಅವತ್ತು ನಿನಗೆ ಬಾಯಿಪಾಠ ಇರೋ ಪಾಠ ಮಾಡ್ತೀಯ, ಹುಡುಗರಿಗೆ ಮೊದಲೇ ಉತ್ತರ ಹೇಳಿಕೊಟ್ಟಿರ್ತೀಯ. ನಿನ್ನ ಗೌಪ್ಯ ವರದಿ ಬರೆಯೋರ ಮುಂದೆ ‘ನನಗೆ ಇಲ್ಲಿ ಬರ್ತಿಲ್ಲ’ ಅಂತ ಬಾಯಿಬಿಡ್ತೀಯಾ? ಸಹಾಯ ಮಾಡೋ ಕಣ್ಣೇ ಬೇರೆ, ಮಾರ್ಕ್ಸ್ ಹಾಕೋ ಕಣ್ಣೇ ಬೇರೆ ಇರಬೇಕು. ನಾವು ಎರಡನ್ನೂ ಒಂದೇ ಫಾರ್ಮ್‌ಗೆ ತುರುಕಿದ್ವಿ. ಕೋರ್ಸ್ ಮಾಡಿದ್ರೆ ಪ್ರಮೋಷನ್, ಇಲ್ದಿದ್ರೆ ಇಲ್ಲ ಅಂದ ಕ್ಷಣ ಸರ್ಟಿಫಿಕೇಟೇ ಕಲಿಕೆ ಆಗಿಬಿಡ್ತು. ಮಿಶಿಗನ್ ವಿಶ್ವವಿದ್ಯಾಲಯ 1962ರಲ್ಲೇ ಅಧ್ಯಾಪಕರ ಬೋಧನೆಗೆ ನೆರವಾಗೋದಕ್ಕೆ ಒಂದು ಕೇಂದ್ರ ತೆರೆದಿತ್ತು. ಅಂಥ ಕೇಂದ್ರಗಳಲ್ಲಿ ಒಂದು ಪದ್ಧತಿ ಇದೆ, ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಸೆಮಿಸ್ಟರ್ ಅರ್ಧ ಆದಾಗ ಮೇಷ್ಟ್ರೇ ಕೇಳ್ಕೊಂಡ್ರೆ ಹೊರಗಿನವರೊಬ್ಬರು ಕ್ಲಾಸಿಗೆ ಬರ್ತಾರೆ. ಮೇಷ್ಟ್ರು ಎದ್ದು ಆಚೆ ಹೋಗಬೇಕು. ಹುಡುಗರು ಗುಂಪುಗುಂಪಾಗಿ ಕೂತು ‘ಇಲ್ಲಿ ಕಲಿಯೋಕೆ ಯಾವುದು ನೆರವಾಗ್ತಿದೆ, ಯಾವುದು ಅಡ್ಡ ಬರ್ತಿದೆ, ಏನು ಬದಲಾದ್ರೆ ಒಳ್ಳೇದು’ ಅಂತ ಮಾತಾಡಿ ಒಮ್ಮತಕ್ಕೆ ಬರ್ತಾರೆ. ಬಂದವರು ಅದನ್ನ ಮೇಷ್ಟ್ರಿಗೆ ಮಾತ್ರ ಹೇಳ್ತಾರೆ. ಡೀನ್‌ಗೂ ಇಲ್ಲ, ಫೈಲ್‌ಗೂ ಇಲ್ಲ. ಇನ್ನೂ ಅರ್ಧ ಸೆಮಿಸ್ಟರ್ ಇರುತ್ತಲ್ಲ, ಕೇಳಿದ ಹುಡುಗರಿಗೇ ಅದರ ಫಲ. ನಿಮ್ಮ ಹಾಲ್ ಟಿಕೆಟ್ ಫೀಡ್‌ಬ್ಯಾಕ್‌ನಿಂದ ಯಾರಿಗೆ ಏನು ಸಿಗುತ್ತೆ? ಅವರು ಆಗಲೇ ಗೇಟು ದಾಟಿರ್ತಾರೆ.

— ಒಂದು ಕೇಳ್ಲಾ ಮೇಡಂ? ನೀವು ಹೇಳೋದೆಲ್ಲ ನನ್ನಂಥವನಿಗೆ, ಪರ್ಮನೆಂಟ್ ಆದವನಿಗೆ. ನಮ್ಮ ಡಿಪಾರ್ಟ್‌ಮೆಂಟ್‌ನಲ್ಲಿ ಅರ್ಧಕ್ಕರ್ಧ ಪಾಠ ಅತಿಥಿ ಉಪನ್ಯಾಸಕರದ್ದು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಅವರು ಹತ್ತು ಸಾವಿರಕ್ಕೂ ಹೆಚ್ಚು ಜನ ಇದ್ದಾರೆ. 2022ರಲ್ಲಿ ಗೌರವಧನ ಏರಿಸಿದ್ರು, ಜೊತೆಗೆ ವಾರದ ಕಾರ್ಯಭಾರ 15 ಗಂಟೆ ಅಂದ್ರು. ಒಬ್ಬರ ಗಂಟೆ ಹೆಚ್ಚಾದ್ರೆ ಇನ್ನೊಬ್ಬರಿಗೆ ಗಂಟೆಯೇ ಇಲ್ಲ. ಬರೋ ವರ್ಷ ಕೌನ್ಸೆಲಿಂಗ್‌ನಲ್ಲಿ ಯಾವ ಊರು ಸಿಗುತ್ತೋ ಗೊತ್ತಿಲ್ಲ. ಅವರಿಗೆ ಯಾವ ರಿಫ್ರೆಶರ್ರು, ಯಾವ ಪ್ರಮೋಷನ್ನು? ನೀವು ಹಿಂದಿನ ಬೆಂಚಲ್ಲಿ ಬಂದು ಕೂತರೆ ‘ನನ್ನನ್ನ ತೆಗೆಯೋಕೆ ಬಂದಿದ್ದಾರೆ’ ಅಂತಲೇ ಅಂದ್ಕೋತಾರೆ.

— ಅಂದ್ಕೋಬೇಕಾದ್ದೇ. ಕೆಲಸ ಉಳಿಯುತ್ತೋ ಇಲ್ವೋ ಅನ್ನೋ ಭಯದಲ್ಲಿರೋರಿಗೆ ‘ಪ್ರಯೋಗ ಮಾಡಿ, ಕ್ಲಾಸಲ್ಲಿ ಗದ್ದಲ ಆದ್ರೂ ಪರವಾಗಿಲ್ಲ’ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ? ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಕಣೋ. ತರಬೇತಿ ಕೊಟ್ಟು ಸರಿಮಾಡೋ ವಿಷಯವೇ ಅಲ್ಲ ಅದು, ಸರ್ಕಾರ ನೇಮಕಾತಿ ಮಾಡಿ ಸರಿಮಾಡಬೇಕಾದ್ದು. ಕೋರ್ಸುಗಳ ಸಂಖ್ಯೆ ಹೆಚ್ಚಿಸಿ ‘ಬೋಧನೆ ಸುಧಾರಿಸಿದ್ವಿ’ ಅನ್ನೋರು ಮೊದಲು ನಿನ್ನ ಈ ಮಾತು ಕೇಳಿಸ್ಕೋಬೇಕು.

— ನನ್ನ ಪಕ್ಕದ ಟೇಬಲ್‌ನಲ್ಲಿ ಒಬ್ಬರಿದ್ದಾರೆ, ಹದಿನಾಲ್ಕು ವರ್ಷದಿಂದ ಅತಿಥಿ. ನಿಜ ಹೇಳ್ಬೇಕಂದ್ರೆ ನಮ್ಮಲ್ಲಿ ಚೆನ್ನಾಗಿ ಪಾಠ ಮಾಡೋದು ಅವರೇ. ಒಂದು ದಿನ ಕಾರಿಡಾರ್‌ನಲ್ಲಿ ನಿಂತು ಕೇಳಿಸ್ಕೊಂಡಿದೀನಿ.

— ಕಾರಿಡಾರ್‌ನಲ್ಲಿ ಯಾಕೋ? ಒಳಗೆ ಹೋಗಿ ಕೂರು. ಕಲಿಯೋಕೆ ಬಂದೆ ಅಂತ ಹೇಳು. ಪರ್ಮನೆಂಟ್ ಆದವನು ಅತಿಥಿಯ ಕ್ಲಾಸಲ್ಲಿ ಹೋಗಿ ಕೂತರೆ ಅವರಿಗೆ ಭಯ ಆಗಲ್ಲ, ಮರ್ಯಾದೆ ಆಗುತ್ತೆ. ಆಮೇಲೆ ಅವರನ್ನ ನಿನ್ನ ಕ್ಲಾಸಿಗೆ ಕರಿ. ಇದಕ್ಕೆ ಯುಜಿಸಿ ಸುತ್ತೋಲೆ ಬೇಕಾಗಿಲ್ಲ.

— ಕರೀತೀನಿ. ಆದ್ರೆ ಮೊದಲು ನೀವು ಬಂದು ನೋಡಿ ಮೇಡಂ. ಐದನೇ ಸೆಮಿಸ್ಟರ್‌ಗೆ ಬನ್ನಿ, ಇಪ್ಪತ್ತೆರಡು ಜನ, ಒಳ್ಳೇ ಹುಡುಗರು, ಬೆಳಿಗ್ಗೆ ಹತ್ತಕ್ಕೆ.

— ಅದು ಬೇಡ. ಆ ತೊಂಬತ್ತು ಜನರ ಕ್ಲಾಸು ಯಾವಾಗ?

— ಮಧ್ಯಾಹ್ನ ಎರಡಕ್ಕೆ. ಊಟ ಆದ ಮೇಲೆ. ಬೇಡ ಮೇಡಂ, ಅದು ಸಂತೆ.

— ಸಂತೆಗೆ ಕರ್ಕೊಂಡು ಹೋಗ್ತೀನಿ ಅಂತಿದ್ದೆಯಲ್ಲ, ನನ್ನನ್ನೇ ಕರ್ಕೊಂಡು ಹೋಗು. ಗುರುವಾರ ಬರ್ತೀನಿ. ಪ್ರಿನ್ಸಿಪಾಲ್‌ಗೆ ಒಂದು ಮಾತು ಹೇಳಿಡು, ಬರೆದುಕೊಡೋ ರಿಪೋರ್ಟ್ ಏನೂ ಇರಲ್ಲ ಅಂತಲೂ ಹೇಳು.

— ರಿಪೋರ್ಟ್ ಇಲ್ದೆ ಹೇಗೆ ಮೇಡಂ? ಐಕ್ಯೂಎಸಿ ಫೈಲ್‌ಗೆ ಏನು ಹಾಕ್ಲಿ? ಕೋಆರ್ಡಿನೇಟರ್ ಬಿಡಲ್ಲ, ಕನಿಷ್ಠ ಜಿಯೋಟ್ಯಾಗ್ ಇರೋ ಎರಡು ಫೋಟೋ ಕೇಳ್ತಾರೆ.

— ಫೋಟೋನೂ ಬೇಡ.

— ಹೂಗುಚ್ಛ, ಶಾಲು?

— ಶಾಲು ತಂದ್ರೆ ವಾಪಸ್ ಹೋಗ್ತೀನಿ.

— ಎರಡು ಗಂಟೆ ಕ್ಲಾಸು ಒಪ್ಕೊಂಡೆ ಮೇಡಂ. ಆದ್ರೆ ಫೋಟೋ ಇಲ್ದೆ ಕಾರ್ಯಕ್ರಮ ಆಯ್ತು ಅಂತ ಕೋಆರ್ಡಿನೇಟರನ್ನ ಒಪ್ಪಿಸೋದು ಮಾತ್ರ ನನ್ನ ಕೈಲಿ ಆಗಲ್ಲ, ಅದನ್ನ ನೀವೇ ಮಾತಾಡಿ.